ಎರಡು ವರ್ಷ ಅಂತಾರೆ, ಕೈಯಲ್ಲಿರೋದು ಹದಿನಾಲ್ಕು ತಿಂಗಳು

ಪ್ರಶ್ನೆ: ನಾವು ಮೈಸೂರಿನವರು. ಒಂಬತ್ತು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಮ್ಮ ಯಜಮಾನರದ್ದು ಎಚ್-1ಬಿ ಕೆಲಸದ ವೀಸಾ, ನನ್ನದೂ ಮಗನದ್ದೂ ಅವರ ಮೇಲಿನ ಅವಲಂಬಿತರ ವೀಸಾ, ಎಚ್-4. ಮಗ ಈ ಜೂನ್‌ಗೆ ಹೈಸ್ಕೂಲ್ ಮುಗಿಸುತ್ತಾನೆ. ಕಂಪ್ಯೂಟರ್ ಸೈನ್ಸ್ ಓದಬೇಕೆಂಬ ಆಸೆ. ಯುಸಿ, ಅಂದರೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್ (ಯುಸಿಎಲ್‌ಎ), ಸ್ಯಾನ್ ಡಿಯಾಗೊ, ಡೇವಿಸ್, ಎಲ್ಲೂ ಆಗಲಿಲ್ಲ. ಯುಸಿ ರಿವರ್‌ಸೈಡ್‌ನಲ್ಲಿ ಸಿಕ್ಕಿದೆ. ಅವನು "ರಿವರ್‌ಸೈಡ್ ಬೇಡಮ್ಮ, ಡಿ ಆಂಜಾ ಕಮ್ಯುನಿಟಿ ಕಾಲೇಜಿಗೆ ಸೇರಿ ಎರಡು ವರ್ಷದಲ್ಲಿ ಬರ್ಕ್ಲಿಗೆ ಟ್ರಾನ್ಸ್‌ಫರ್ ಆಗ್ತೀನಿ" ಅಂತಿದ್ದಾನೆ. ಇವರಿಗೆ ಸುತರಾಂ ಮನಸ್ಸಿಲ್ಲ. ಊರಲ್ಲಿ ನಮ್ಮತ್ತೆ "ಯಾಕೆ, ಮಗೂಗೆ ಸೀಟು ಸಿಗಲಿಲ್ವಾ" ಅಂತ ಕೇಳ್ತಾರೆ. ಬರುವ ಅಕ್ಟೋಬರ್‌ಗೆ ಅವನಿಗೆ 19 ತುಂಬುತ್ತದೆ. ಅವನು ಹೇಳೋದು ನಿಜಕ್ಕೂ ಆಗೋ ಮಾತಾ?

ಉತ್ತರ: ಆಗೋ ಮಾತೇ. ಪ್ರತಿ ವರ್ಷ ಸಾವಿರಾರು ಮಕ್ಕಳು ಮಾಡುತ್ತಾರೆ. ಆದರೆ ನಿಮ್ಮ ಮಗನ ಆ ಒಂದು ವಾಕ್ಯದಲ್ಲಿ ಎರಡು ಮಾತು ಕೇಳಿ ನನಗೆ ಸ್ವಲ್ಪ ಅಳುಕಾಯಿತು. ಒಂದು "ಎರಡು ವರ್ಷ". ಇನ್ನೊಂದು "ಬರ್ಕ್ಲಿ".

ಮೊದಲು ಅತ್ತೆಯವರ ವಿಷಯ ಮುಗಿಸಿಬಿಡೋಣ, ಅದು ಸುಲಭ. ನಮ್ಮೂರಲ್ಲಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರುತ್ತಾರಲ್ಲ, ಲ್ಯಾಟರಲ್ ಎಂಟ್ರಿ ಅಂತ? ಹೆಚ್ಚು ಕಡಿಮೆ ಅದೇ ಅನ್ನಿ, ತಕ್ಷಣ ಅರ್ಥವಾಗುತ್ತದೆ. ಕಡೆಗೆ ಕೈಗೆ ಬರೋದು ಯುನಿವರ್ಸಿಟಿಯ ಡಿಗ್ರಿಯೇ. ಮೊದಲ ಎರಡು ವರ್ಷ ಎಲ್ಲಿ ಓದಿದ್ದು ಅಂತ ಆ ಸರ್ಟಿಫಿಕೇಟಿನ ಮೇಲೆ ಬರೆದಿರುವುದಿಲ್ಲ. ಅವರಿಗೆ ಇನ್ನೂ ಸಮಾಧಾನ ಆಗದಿದ್ದರೆ ಆ್ಯಪಲ್ ಕಂಪನಿ ಕಟ್ಟಿದ ಇಬ್ಬರು ಸ್ಟೀವ್‌ಗಳಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಡಿ ಆಂಜಾದಲ್ಲಿ ಓದಿ, ಆಮೇಲೆ ಬರ್ಕ್ಲಿಗೆ ಹೋದವರು ಅಂತ ಹೇಳಿ. ಮೊದಲ ಮ್ಯಾಕಿಂಟಾಶನ್ನು 1984ರ ಜನವರಿಯಲ್ಲಿ ಜನರಿಗೆ ತೋರಿಸಿದ್ದೂ ಅದೇ ಕಾಲೇಜಿನ ಆವರಣದಲ್ಲಿದ್ದ ಫ್ಲಿಂಟ್ ಸೆಂಟರ್‌ನಲ್ಲಿ. ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ "ನಿಮ್ಮ ಮಗ ಎಲ್ಲಿಗೆ ಹೋಗ್ತಿದ್ದಾನೆ" ಅಂತ ಕೇಳೋರಿಗೂ ಇದೇ ಸಾಕು.

ನಿಮ್ಮ ಯಜಮಾನರಿಗೆ ಬೇರೆ ಉತ್ತರ ಬೇಕಾಗುತ್ತದೆ. ಅವರಿಗೆ ಕಮ್ಯುನಿಟಿ ಕಾಲೇಜು ಅಂದರೆ ಸೀಟು ಸಿಗದವರು ಹೋಗೋ ಜಾಗ. ಕ್ಯಾಲಿಫೋರ್ನಿಯಾದ ಮಟ್ಟಿಗೆ ಹಾಗಲ್ಲ. ಇಲ್ಲಿನ ಸರ್ಕಾರ 1960ರಲ್ಲೇ ಒಂದು ಮಾಸ್ಟರ್ ಪ್ಲಾನ್ ಮಾಡಿ ಮೂರು ಮೆಟ್ಟಿಲು ಕಟ್ಟಿತು. ಯುಸಿ ಒಂದು, ಸಿಎಸ್‌ಯು ಅಂದರೆ ಸ್ಟೇಟ್ ಯುನಿವರ್ಸಿಟಿಗಳು ಇನ್ನೊಂದು, ಕಮ್ಯುನಿಟಿ ಕಾಲೇಜುಗಳು ಮೂರನೆಯದು. ಮೂರನೆಯದರಲ್ಲಿ ಚೆನ್ನಾಗಿ ಓದಿದವರು ಮೇಲಿನ ಎರಡಕ್ಕೆ ಮೂರನೇ ವರ್ಷಕ್ಕೆ ಹೋಗಬೇಕು ಅನ್ನೋದು ಆ ಯೋಜನೆಯ ಒಳಗೇ ಇದೆ. ಈಗ ಇಂಥ 116 ಕಾಲೇಜುಗಳಿವೆ. ಯುಸಿಗೆ ಟ್ರಾನ್ಸ್‌ಫರ್ ಆಗಿ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇವುಗಳಿಂದಲೇ ಬರುತ್ತಾರೆ. ಯುಸಿಯ ನಿಯಮದಲ್ಲೇ ಇವರಿಗೆ ಮೊದಲ ಆದ್ಯತೆ. ಒಂದು ಯುಸಿಯಿಂದ ಇನ್ನೊಂದು ಯುಸಿಗೆ ಹೋಗೋರು ಇವರ ಹಿಂದೆ ನಿಲ್ಲಬೇಕು. ಇದನ್ನು ನೆನಪಿಟ್ಟುಕೊಳ್ಳಿ, ರಿವರ್‌ಸೈಡ್ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು ಸಮಾಧಾನದ ಸಂಗತಿ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ಯುಸಿ ಹೈಸ್ಕೂಲಿನ ಗ್ರೇಡು ನೋಡುವುದಿಲ್ಲ. ಹತ್ತನೇ ಕ್ಲಾಸಿನ ಕೆಮಿಸ್ಟ್ರಿಯಲ್ಲಿ ಬಿ ಬಂದಿತ್ತು ಅನ್ನೋ ಹಳೇ ಗೋಳು ಅಲ್ಲಿಗೆ ಮುಗಿಯಿತು. ಅವನ ಲೆಕ್ಕ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶುರುವಾಗುತ್ತದೆ.

ಸೊನ್ನೆಯಿಂದ ಶುರುವಾಗುತ್ತದೆ ಅನ್ನೋದರಲ್ಲೇ ಅಪಾಯವೂ ಇದೆ. ಈಗ "ಎರಡು ವರ್ಷ"ಕ್ಕೆ ಬರುತ್ತೇನೆ.

ಡಿ ಆಂಜಾದಲ್ಲಿ ಕ್ವಾರ್ಟರ್ ಪದ್ಧತಿ. ಫಾಲ್ ಕ್ವಾರ್ಟರ್ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ಆಮೇಲೆ ವಿಂಟರ್, ಸ್ಪ್ರಿಂಗ್. ಅಲ್ಲಿಗೆ ಒಂದು ವರ್ಷ. ಯುಸಿ ಅರ್ಜಿ ಹಾಕೋ ಕಾಲ ಅಕ್ಟೋಬರ್, ನವೆಂಬರ್. ಅಂದರೆ ಎರಡನೇ ವರ್ಷದ ಮೊದಲ ಕ್ವಾರ್ಟರ್ ನಡೆಯುತ್ತಿರುವಾಗಲೇ ಅರ್ಜಿ ಹೋಗಿರಬೇಕು. ಆಗ ಅವನ ಕೈಯಲ್ಲಿ ಎಷ್ಟು ಗ್ರೇಡು ಇರುತ್ತದೆ? ಮೂರು ಕ್ವಾರ್ಟರಿನದ್ದು, ಬೇಸಿಗೆಯಲ್ಲಿ ಓದಿದ್ದರೆ ಅದೂ ಸೇರಿ. ಅಷ್ಟೇ. ಎರಡು ವರ್ಷ ಅಂತ ನಾವು ಹೇಳೋದು ಅಭ್ಯಾಸಕ್ಕೆ. ತಯಾರಿಗೆ ಸಿಗೋದು ಹದಿನಾಲ್ಕು ತಿಂಗಳು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮೊದಲ ವರ್ಷ ಕ್ವಾರ್ಟರಿಗೆ 15 ಯೂನಿಟ್‌ನಂತೆ (ಯೂನಿಟ್ ಅಂದರೆ ಕೋರ್ಸಿನ ಕ್ರೆಡಿಟ್) 45 ಯೂನಿಟ್ ಓದಿದ ಅಂದುಕೊಳ್ಳಿ. ಎಲ್ಲದರಲ್ಲೂ ಎ ಬಂದರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 4.0. ಅದರಲ್ಲಿ 5 ಯೂನಿಟ್‌ನ ಒಂದೇ ಒಂದು ಕೋರ್ಸಿನಲ್ಲಿ ಸಿ ಬಂತು. ಜಿಪಿಎ 3.78ಕ್ಕೆ ಇಳಿಯುತ್ತದೆ. ಒಂದೇ ಒಂದು ಸಿ. ಅದೂ ಸಾಮಾನ್ಯವಾಗಿ ಬರೋದು ಮೊದಲ ಕ್ವಾರ್ಟರಿನಲ್ಲಿ. ಹೈಸ್ಕೂಲಿನ ಹಾಗೆ ಹೋಮ್‌ವರ್ಕ್ ಕೊಡಲಿಲ್ಲ ಅಂತ ಯಾರೂ ಬೆನ್ನು ಹತ್ತಲ್ಲ. ಹನ್ನೆರಡು ವಾರದ ಆಟ. ನಾಲ್ಕನೇ ವಾರಕ್ಕೆ ಮೊದಲ ಮಿಡ್‌ಟರ್ಮ್ ಬಂದು ಕೂತಿರುತ್ತದೆ. ಇನ್ನು ಸಿ ಬಂದ ಕೋರ್ಸನ್ನು ಗ್ರೇಡು ಏರಿಸಿಕೊಳ್ಳಲು ಮತ್ತೆ ಓದೋಕೆ ಬಿಡಲ್ಲ. ಡಿ, ಎಫ್ ಬಂದರೆ ಮತ್ತೆ ಓದಬಹುದು, ಸಿ ಬಂದರೆ ಅದು ಉಳಿದುಕೊಳ್ಳುತ್ತದೆ. ವಿಚಿತ್ರ ಅನ್ನಿಸುತ್ತದೆ ಅಲ್ವಾ? ನಿಯಮ ಹಾಗಿದೆ. ಅದಕ್ಕೇ ಕಷ್ಟ ಅನ್ನಿಸಿದ ಕೋರ್ಸನ್ನು ಮೊದಲ ಎರಡು ವಾರದಲ್ಲೇ ಬಿಟ್ಟುಬಿಡೋದು ಜಾಣತನ. ಆಮೇಲೆ ಬಿಟ್ಟರೆ ದಾಖಲೆಯಲ್ಲಿ ಡಬ್ಲ್ಯೂ, ಅಂದರೆ ನಡುವೆ ಬಿಟ್ಟ ಅನ್ನೋ ಗುರುತು, ಬೀಳುತ್ತದೆ. ಒಂದು ಡಬ್ಲ್ಯೂ ಇದ್ದರೆ ಏನೂ ಆಗಲ್ಲ. ಅದೇ ಸಾಲು ಸಾಲಾಗಿ ಇದ್ದರೆ ನೋಡೋರಿಗೆ ಪ್ರಶ್ನೆ ಏಳುತ್ತದೆ.

ಯುಸಿಗೆ ಮೂರನೇ ವರ್ಷಕ್ಕೆ ಹೋಗಲು ಬೇಕಾದ ಕನಿಷ್ಠ ಲೆಕ್ಕ 60 ಸೆಮಿಸ್ಟರ್ ಯೂನಿಟ್, ಕ್ವಾರ್ಟರ್ ಲೆಕ್ಕದಲ್ಲಿ 90. ಕ್ಯಾಲಿಫೋರ್ನಿಯಾದವರಿಗೆ ಕನಿಷ್ಠ ಜಿಪಿಎ 2.4. ಇಂಗ್ಲಿಷ್ ಬರವಣಿಗೆಯ ಎರಡು ಕೋರ್ಸು, ಗಣಿತ ಒಂದು, ಜೊತೆಗೆ ಬೇರೆ ಬೇರೆ ವಿಭಾಗದಿಂದ ನಾಲ್ಕು, ಒಟ್ಟು ಏಳು ಕೋರ್ಸು ಆಗಿರಬೇಕು, ಎಲ್ಲದರಲ್ಲೂ ಸಿ ಅಥವಾ ಮೇಲೆ. ಈ ಕನಿಷ್ಠ ಅನ್ನೋದು ಅರ್ಜಿ ಹಾಕೋಕೆ ಅರ್ಹತೆ, ಸೀಟಿಗಲ್ಲ. 2.4 ಇಟ್ಟುಕೊಂಡು ಕಂಪ್ಯೂಟರ್ ಸೈನ್ಸ್ ಕನಸು ಕಾಣೋದು ಬಸ್ ಸ್ಟ್ಯಾಂಡಿನಲ್ಲಿ ನಿಂತು ರೈಲು ಕಾದ ಹಾಗೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದನ್ನು ಹೇಳುತ್ತೇನೆ. ಟ್ರಾನ್ಸ್‌ಫರ್ ಕೆಡೋದು ಬುದ್ಧಿ ಕಮ್ಮಿಯಾಗಿ ಅಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಕೋರ್ಸು ಆರಿಸೋದರಿಂದ. ಅಂದರೆ, ಕಾಲೇಜಿಗೆ ಸೇರಿದೆ, ಏನು ಸಿಗುತ್ತೋ ಅದನ್ನು ತಗೊಂಡೆ, ಯೂನಿಟ್ ತುಂಬಿಸಿದೆ, ಆಮೇಲೆ ಎಲ್ಲಿಗೆ ಹೋಗೋಣ ಅಂತ ನೋಡಿದೆ. ಮಾಡಬೇಕಾದ್ದು ತಲೆಕೆಳಗು. ಎಲ್ಲಿಗೆ ಹೋಗಬೇಕು ಅಂತ ಮೊದಲು, ಅಲ್ಲಿಂದ ಹಿಂದಕ್ಕೆ ಒಂದೊಂದೇ ಕೋರ್ಸು.

ಇದಕ್ಕೆ ರಾಜ್ಯದ್ದೇ ಒಂದು ಸೈಟ್ ಇದೆ, ಅಸಿಸ್ಟ್ ಡಾಟ್ ಆರ್ಗ್. ದುಡ್ಡಿಲ್ಲ, ಲಾಗಿನ್ ಇಲ್ಲ. ಇವತ್ತು ರಾತ್ರಿ ಊಟ ಆದಮೇಲೆ ಮಗನ ಜೊತೆ ಕೂತು ತೆಗೆಯಿರಿ. ಮೊದಲು ವರ್ಷ ಆರಿಸಿ, ಆಮೇಲೆ ಡಿ ಆಂಜಾ, ಆಮೇಲೆ ಒಂದು ಯುಸಿ, ಆಮೇಲೆ ಮೇಜರ್, ಅಂದರೆ ಡಿಗ್ರಿಗೆ ಓದುವ ಮುಖ್ಯ ವಿಷಯ. ಪುಟ ಎರಡು ಭಾಗವಾಗಿ ಕಾಣುತ್ತದೆ. ಎಡಗಡೆ ಯುಸಿ ಕೇಳುವ ಕೋರ್ಸು. ಬಲಗಡೆ ಅದಕ್ಕೆ ಸಮ ಅಂತ ಅವರು ಒಪ್ಪಿಕೊಂಡಿರುವ ಡಿ ಆಂಜಾ ಕೋರ್ಸು. ನಡುವೆ ಒಂದು ಬಾಣ. ಕೆಲವು ಕಡೆ ಎಡಗಡೆಯ ಒಂದು ಕೋರ್ಸಿಗೆ ಬಲಗಡೆ ಎರಡು ಇರುತ್ತವೆ, ನಡುವೆ "ಮತ್ತು" ಅಂತ ಬರೆದಿರುತ್ತದೆ. ಎರಡೂ ಮುಗಿಸಿದರೇ ಲೆಕ್ಕ. ಕೆಲವು ಕಡೆ "ಅಥವಾ". ಇನ್ನು ಕೆಲವು ಕಡೆ ಬಲಗಡೆ ಖಾಲಿ, ಸಮನಾದ ಕೋರ್ಸು ಇಲ್ಲ ಅಂತ ಒಂದು ಸಾಲು. ಆ ಖಾಲಿ ಜಾಗಗಳನ್ನು ಎಣಿಸಿ. ಮಕ್ಕಳು ತುಂಬಿದ ಜಾಗ ನೋಡಿ ಖುಷಿಪಡುತ್ತಾರೆ. ನಾನು ಖಾಲಿ ಜಾಗ ನೋಡಿ ಯೋಚನೆ ಮಾಡುತ್ತೇನೆ. ಅದನ್ನು ಬೇರೆ ಕಾಲೇಜಿನಲ್ಲಿ ಓದಬಹುದಾ, ಇಲ್ಲ ಅಲ್ಲಿಗೆ ಹೋದಮೇಲೆ ಓದಿದರೆ ಸಾಕಾ, ಅಂತ ಪ್ರತಿಯೊಂದಕ್ಕೂ ಕೇಳಬೇಕು.

ಹೀಗೆ ಒಂದೇ ಯುಸಿ ನೋಡಿ ನಿಲ್ಲಿಸಬೇಡಿ. ಮೂರು ನೋಡಿ, ಜೊತೆಗೆ ಒಂದು ಸಿಎಸ್‌ಯು. ನಾಲ್ಕು ಪುಟ ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಹರಡಿ, ನಾಲ್ಕರಲ್ಲೂ ಬರುವ ಕೋರ್ಸುಗಳಿಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಕಂಪ್ಯೂಟರ್ ಸೈನ್ಸ್ ಆದರೆ ಡಿ ಆಂಜಾದ ಕ್ಯಾಲ್ಕುಲಸ್ ಸಾಲು, ಮ್ಯಾಥ್ 1ಎಯಿಂದ 1ಡಿವರೆಗೆ, ಎಲ್ಲ ಕಡೆ ಬರುತ್ತದೆ. ಸಿ ಪ್ಲಸ್ ಪ್ಲಸ್ ಹೇಳಿಕೊಡುವ ಸಿಐಎಸ್ 22ಎ, 22ಬಿ, 22ಸಿ ಬಹಳ ಕಡೆ ಬರುತ್ತವೆ. ಹಲವು ಕಡೆ ಫಿಸಿಕ್ಸ್ 4ಎ ಸರಣಿಯೂ ಕೇಳುತ್ತಾರೆ. ಇವು ಬೆನ್ನೆಲುಬು. ಒಂದು ಮುಗಿಯದೆ ಮುಂದಿನದಕ್ಕೆ ಬಿಡುವುದಿಲ್ಲ, ಹಾಗಾಗಿ ಒಂದು ಕ್ವಾರ್ಟರ್ ತಪ್ಪಿದರೆ ಇಡೀ ಸರಪಳಿ ಹಿಂದೆ ಸರಿಯುತ್ತದೆ. ಇತಿಹಾಸ, ಕಲೆ, ಸಮಾಜಶಾಸ್ತ್ರದ ಕೋರ್ಸುಗಳನ್ನು ಯಾವಾಗ ಬೇಕಾದರೂ ತುರುಕಬಹುದು. ನಮ್ಮ ಮಕ್ಕಳು ಮಾಡೋದು ಉಲ್ಟಾ. ಮೊದಲು ಸುಲಭದ್ದು ಮುಗಿಸಿಬಿಡೋಣ ಅಂತ ಹೊರಟು, ಎರಡನೇ ವರ್ಷದ ಹೊತ್ತಿಗೆ ಫಿಸಿಕ್ಸ್ ಮೂರು ಭಾಗ ಬಾಕಿ ಇಟ್ಟುಕೊಂಡು ಬಂದು ಕೂರುತ್ತಾರೆ.

ಈ ಸರಪಳಿಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಹೇಳಿಬಿಡುತ್ತೇನೆ. ಮಕ್ಕಳಿಗೆ ಕೋರ್ಸಿನ ಸಲಹೆ ಕೊಡುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಹುಡುಗಿ ಬಂದಿದ್ದಳು. ಕ್ವಾರ್ಟರ್ ಕಾಲೇಜಿನಲ್ಲಿ 1ಎ, 1ಬಿ ಮುಗಿಸಿದ್ದಳು. ಬೇಸಿಗೆಯಲ್ಲಿ ಮನೆ ಹತ್ತಿರದ ಸೆಮಿಸ್ಟರ್ ಕಾಲೇಜಿನಲ್ಲಿ ಕ್ಯಾಲ್ಕುಲಸ್ 3 ತಗೊಂಡರೆ ಬೇಗ ಮುಗಿಯುತ್ತೆ ಅಲ್ವಾ ಅಂದಳು. ನಾನು ಹೂಂ ಅಂದೆ. ಕ್ವಾರ್ಟರ್ ಪದ್ಧತಿಯಲ್ಲಿ ಕ್ಯಾಲ್ಕುಲಸ್ ನಾಲ್ಕು ತುಂಡು, ಸೆಮಿಸ್ಟರ್‌ನಲ್ಲಿ ಮೂರು ತುಂಡು. ಕತ್ತರಿಸಿರುವ ಜಾಗ ಬೇರೆ ಬೇರೆ. ಇನ್ಫಿನಿಟ್ ಸೀರೀಸ್ ಭಾಗ ಕ್ವಾರ್ಟರಿನ 1ಸಿಯಲ್ಲಿತ್ತು, ಸೆಮಿಸ್ಟರ್‌ನ ಕ್ಯಾಲ್ಕುಲಸ್ 2ರಲ್ಲಿತ್ತು. ಅವಳು ಎರಡನ್ನೂ ಓದಲಿಲ್ಲ. ಅರ್ಜಿ ಹಾಕೋ ಹೊತ್ತಿಗೆ ನೋಡಿದರೆ ನಡುವೆ ಒಂದು ತೂತು. ಪುಣ್ಯಕ್ಕೆ ವಿಂಟರ್‌ನಲ್ಲಿ 1ಸಿಗೆ ಜಾಗ ಸಿಕ್ಕಿತು, ಬಚಾವಾದಳು. ನಾನೂ ಬಚಾವಾದೆ. ಅಂದಿನಿಂದ ಒಂದೇ ಮಾತು. ಸರಣಿ ಎಲ್ಲಿ ಶುರು ಮಾಡಿದೆಯೋ ಅಲ್ಲೇ ಮುಗಿಸು.

ನಿಮ್ಮ ವಿಷಯದಲ್ಲಿ ಇದು ಸುಮ್ನೆ ಹೇಳಿದ್ದಲ್ಲ. ಫ್ರೀಮಾಂಟ್‌ನಲ್ಲೇ ಓಲೋನಿ ಕಾಲೇಜಿದೆ, ಅದು ಸೆಮಿಸ್ಟರ್. ಡಿ ಆಂಜಾ ಇರೋದು ಕುಪರ್ಟಿನೊದಲ್ಲಿ. ಬೆಳಿಗ್ಗೆ ಎಂಟು ಗಂಟೆಗೆ 880, 237 ಹೆದ್ದಾರಿ ಹಿಡಿದು ಹೋಗೋದು ಏನು ಅಂತ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಎರಡು ತಿಂಗಳು ಓಡಾಡಿ ಸುಸ್ತಾಗಿ ನಡುವೆ ಓಲೋನಿಗೆ ಬದಲಾಯಿಸೋ ಮಕ್ಕಳು ಇದ್ದಾರೆ, ಆಗಲೇ ಈ ತೂತು ಬೀಳೋದು. ಯಾವ ಕಮ್ಯುನಿಟಿ ಕಾಲೇಜಿನಿಂದ ಬಂದೆ ಅಂತ ಯುಸಿ ಜಾಸ್ತಿ ಅಂಕ ಕೊಡುವುದಿಲ್ಲ. ಡಿ ಆಂಜಾದಲ್ಲಿ ಗಣಿತ, ಕಂಪ್ಯೂಟರ್ ಕೋರ್ಸುಗಳಿಗೆ ಸೆಕ್ಷನ್ ಜಾಸ್ತಿ, ಅದು ನಿಜವಾದ ಅನುಕೂಲ. ಉಳಿದದ್ದು ಹೆಸರು. ಎರಡೂ ಕಾಲೇಜಿನ ಅಸಿಸ್ಟ್ ಪುಟ ಪಕ್ಕಪಕ್ಕ ಇಟ್ಟು ನೋಡಿ, ಈಗಲೇ ಒಂದನ್ನು ಆರಿಸಿ, ಅಲ್ಲೇ ಇರಿ.

ಹೈಸ್ಕೂಲಿನಲ್ಲಿ ಎಪಿ ಅನ್ನೋ ಕಾಲೇಜು ಮಟ್ಟದ ಪರೀಕ್ಷೆ ಬರೆದಿದ್ದರೆ 3 ಅಥವಾ ಮೇಲೆ ಬಂದದ್ದಕ್ಕೆ ಯುಸಿ ಯೂನಿಟ್ ಕೊಡುತ್ತದೆ. ಕ್ಯಾಲ್ಕುಲಸ್ ಬಿಸಿಯಲ್ಲಿ 5 ಇದ್ದರೆ ಸರಪಳಿಯ ಮೊದಲ ಕೊಂಡಿಗಳನ್ನು ಬಿಡಬಹುದು. ಆದರೆ ಎಷ್ಟು ಬಿಡಬಹುದು ಅನ್ನೋದು ಕ್ಯಾಂಪಸ್‌ಗೂ ಮೇಜರ್‌ಗೂ ಬದಲಾಗುತ್ತದೆ, ನೀವು ಹೋಗಬೇಕಾದ ಕ್ಯಾಂಪಸ್ಸಿನ ಎಪಿ ಪಟ್ಟಿ ನೋಡಿಯೇ ಬಿಡಿ.

ಇನ್ನು ಬರ್ಕ್ಲಿ. ಬರ್ಕ್ಲಿ, ಯುಸಿಎಲ್‌ಎಗಳಲ್ಲಿ ಹನ್ನೆರಡನೇ ಕ್ಲಾಸಿನಿಂದ ನೇರ ಅರ್ಜಿ ಹಾಕಿದವರಲ್ಲಿ ಹೆಚ್ಚು ಕಡಿಮೆ ಹತ್ತಕ್ಕೆ ಒಬ್ಬರಿಗೆ ಸಿಗುತ್ತದೆ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ಸುಮಾರು ನಾಲ್ಕಕ್ಕೆ ಒಬ್ಬರಿಗೆ. ನಿಮ್ಮ ಮಗ ಈ ಅಂಕಿ ನೋಡಿರುತ್ತಾನೆ, ಗೆಳೆಯರೆಲ್ಲ ಇದನ್ನೇ ಹೇಳಿರುತ್ತಾರೆ. ಅವನು ನೋಡದಿರೋದು ಇನ್ನೊಂದು. ಅದು ಎಲ್ಲಾ ಮೇಜರ್ ಸೇರಿಸಿದ ಲೆಕ್ಕ. ಕಂಪ್ಯೂಟರ್ ಸೈನ್ಸ್ ಒಂದನ್ನೇ ತೆಗೆದರೆ ಅಂಕಿ ಎಷ್ಟೋ ಕೆಳಗಿದೆ. ಯುಸಿಯವರು ಮೇಜರ್‌ವಾರು ಟ್ರಾನ್ಸ್‌ಫರ್ ಅಂಕಿಅಂಶವನ್ನು ತಮ್ಮ ಸೈಟಿನಲ್ಲೇ ಹಾಕುತ್ತಾರೆ, ಆಯ್ಕೆಯಾದವರ ಜಿಪಿಎ ಸಹಿತ. ಅದನ್ನು ಅವನ ಕೈಯಲ್ಲೇ ತೆಗೆಸಿ. ನೀವು ಹೇಳಿದರೆ ಜಗಳ, ಅವನೇ ನೋಡಿದರೆ ಲೆಕ್ಕ.

"ಬೇರೆ ಸುಲಭದ ಮೇಜರ್‌ನಲ್ಲಿ ಒಳಗೆ ಹೋಗಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಳ್ತೀನಿ" ಅನ್ನೋ ಉಪಾಯವನ್ನೂ ಯಾರೋ ಹೇಳಿಕೊಟ್ಟಿರುತ್ತಾರೆ. ಟ್ರಾನ್ಸ್‌ಫರ್ ಮಕ್ಕಳಿಗೆ ಆ ಬಾಗಿಲು ಹೆಚ್ಚಿನ ಯುಸಿಗಳಲ್ಲಿ ಮುಚ್ಚಿದ್ದೇ. ಯಾವ ಮೇಜರ್‌ಗೆ ಸಿಕ್ಕಿತೋ ಅದರಲ್ಲೇ ಮುಗಿಸೋ ಮನಸ್ಸಿದ್ದರೆ ಮಾತ್ರ ಅದನ್ನು ಬರೆಯಬೇಕು. ಗಣಿತ, ಅಂಕಿಅಂಶ ಶಾಸ್ತ್ರ, ಡೇಟಾ ಸೈನ್ಸ್ ಇವನಿಗೆ ನಿಜಕ್ಕೂ ಹಿಡಿಸುತ್ತದೆ ಅನ್ನೋದಾದರೆ ಅದು ಬೇರೆ ಮಾತು, ಒಳ್ಳೆಯ ಮಾತು.

ಟ್ಯಾಗ್ ಅನ್ನೋ ಒಂದು ಭರವಸೆ ಇದೆ. ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ. ಹೇಳಿದ ಕೋರ್ಸು, ಹೇಳಿದ ಜಿಪಿಎ ತಂದರೆ ಸೀಟು ಖಚಿತ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಕಡೆ ಇದೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಅದರ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ, ಅಂದರೆ ಯುಸಿಯ ದೊಡ್ಡ ಅರ್ಜಿಗಿಂತ ಮೊದಲು. ಆ ಬೇಸಿಗೆ ಮುಗಿಯುವಷ್ಟರಲ್ಲಿ 45 ಕ್ವಾರ್ಟರ್ ಯೂನಿಟ್ ಆಗಿರಬೇಕು. ಮೊದಲ ವರ್ಷ ಒಂದು ಕೋರ್ಸು ಬಿಟ್ಟಿದ್ದರೂ ಬೇಸಿಗೆಯಲ್ಲಿ ತುಂಬಿಸಬೇಕು ಅಂತ ಅರ್ಥ. ಕಂಪ್ಯೂಟರ್ ಸೈನ್ಸ್‌ನಂಥ ಬೇಡಿಕೆಯ ಮೇಜರನ್ನು ಕೆಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ. ಪಟ್ಟಿ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಅಣ್ಣಂದಿರ ಕಾಲದ ಪಟ್ಟಿ ನಂಬಬೇಡಿ.

ನಮ್ಮವರ ಕಣ್ಣಿಗೆ ಯುಸಿ ಬಿದ್ದಷ್ಟು ಸ್ಯಾನ್ ಹೊಸೆ ಸ್ಟೇಟ್ ಬೀಳುವುದೇ ಇಲ್ಲ, ನನಗೆ ಇದೊಂದು ಬೇಜಾರು. 1857ರಲ್ಲಿ ಶುರುವಾದದ್ದು, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸರ್ಕಾರಿ ಯುನಿವರ್ಸಿಟಿ. ಫೀಸು ಯುಸಿಯ ಹತ್ತಿರ ಹತ್ತಿರ ಅರ್ಧ. ಸುತ್ತಮುತ್ತ ಇರೋದೇ ಸಿಲಿಕಾನ್ ವ್ಯಾಲಿ. ನಿಮ್ಮ ಮನೆಯಿಂದಲೇ ಓಡಾಡಬಹುದು. ಅಲ್ಲೂ ಕಂಪ್ಯೂಟರ್ ಸೈನ್ಸ್‌ಗೆ ಪೈಪೋಟಿ ಇದೆ, ಬಾಗಿಲು ತೆರೆದಿಟ್ಟು ಕೂತಿಲ್ಲ. ನಾನು ಹೇಳಿದ ಆ ನಾಲ್ಕನೇ ಪ್ರಿಂಟ್ ಇದರದ್ದಾಗಿರಲಿ.

ಹಾಗಾದರೆ ಕೈಯಲ್ಲಿರುವ ರಿವರ್‌ಸೈಡ್ ಬಿಡೋದಾ? ಮೇ 1ರೊಳಗೆ ನೀವು ಉತ್ತರ ಕೊಡಬೇಕು, ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಲ್ಲಿ ಸಿಕ್ಕಿರೋದು ಕಂಪ್ಯೂಟರ್ ಸೈನ್ಸ್‌ಗೇ ಆಗಿದ್ದರೆ, ದುಡ್ಡು ಹೊಂದುತ್ತದೆ ಅನ್ನೋದಾದರೆ, ನಾನು ರಿವರ್‌ಸೈಡ್ ಕಡೆ ವಾಲುತ್ತೇನೆ. ಕೈಯಲ್ಲಿರೋ ಮೇಜರ್ ಸಣ್ಣ ವಿಷಯವಲ್ಲ. ಅಲ್ಲಿಗೆ ಹೋಗಿ ಒಂದು ವರ್ಷ ಬಿಟ್ಟು ಬರ್ಕ್ಲಿಗೆ ಹಾರೋಣ ಅನ್ನೋ ಯೋಚನೆಯಿಂದ ಮಾತ್ರ ಹೋಗಬಾರದು. ಸಾಲಿನಲ್ಲಿ ಹಿಂದೆ ನಿಲ್ಲಬೇಕು ಅಂದೆನಲ್ಲ, ಅದು ಇದಕ್ಕೇ. ಸಿಕ್ಕಿರೋದು ಬೇರೆ ಮೇಜರ್‌ಗೆ ಆಗಿದ್ದರೆ, ಅಥವಾ ವರ್ಷಕ್ಕೆ ಹಾಸ್ಟೆಲು ಊಟ ಸೇರಿ 40 ಸಾವಿರ ಡಾಲರ್ ದಾಟುವ ಖರ್ಚು ನಿಮಗೆ ಭಾರವಾಗಿದ್ದರೆ, ಡಿ ಆಂಜಾ ಸರಿಯಾದ ದಾರಿ. ಅಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ತೊಂಬತ್ತು ಯೂನಿಟ್‌ಗೆ 2,790 ಡಾಲರ್. ಪುಸ್ತಕ, ಪಾರ್ಕಿಂಗ್, ಪೆಟ್ರೋಲು ಬೇರೆ. ಆದರೂ ಹೋಲಿಸಿ ನೋಡಿ. ರಿವರ್‌ಸೈಡ್ ಬಿಟ್ಟರೂ ಅದು ಟ್ಯಾಗ್ ಕೊಡುವ ಆರರಲ್ಲಿ ಒಂದು, ಮರೆಯಬೇಡಿ.

ದುಡ್ಡಿಗಿಂತ ನಾನು ಕೇಳೋದು ಹುಡುಗನ ಸ್ವಭಾವ. ಮನೆಯಲ್ಲಿ ಯಾರೂ ಹೇಳದೆ ತಾನೇ ಕೂತು ಓದುತ್ತಾನಾ? ಸೆಪ್ಟೆಂಬರ್‌ನಲ್ಲಿ ಗೆಳೆಯರೆಲ್ಲ ಡಾರ್ಮ್ ರೂಮಿನ ಫೋಟೊ ಹಾಕುವಾಗ ಇವನು ಮನೆಯ ಅದೇ ಹಳೇ ರೂಮಿನಲ್ಲಿ, ಅದೇ ಮಂಚದ ಮೇಲೆ ಕ್ಯಾಲ್ಕುಲಸ್ ಮಾಡುತ್ತಿರುತ್ತಾನೆ. ಆ ಮೊದಲ ಮೂರು ತಿಂಗಳು ಎಷ್ಟೋ ಮಕ್ಕಳು ಕುಗ್ಗುತ್ತಾರೆ. ಬಾಯಿಬಿಟ್ಟು ಹೇಳಲ್ಲ. ಗ್ರೇಡಿನಲ್ಲಿ ಕಾಣುತ್ತದೆ. ಕಾಲೇಜು ಮುಗಿದ ಕೂಡಲೇ ಮನೆಗೆ ಓಡಿಬರುವ ಬದಲು ಅಲ್ಲಿನ ಟ್ಯೂಟರಿಂಗ್ ಸೆಂಟರ್‌ನಲ್ಲೋ ಲೈಬ್ರರಿಯಲ್ಲೋ ಸಂಜೆವರೆಗೆ ಇದ್ದು ಬಾ ಅನ್ನಿ. ಅಲ್ಲಿ ಸಿಗೋ ಗೆಳೆಯರೂ ಟ್ರಾನ್ಸ್‌ಫರ್ ಕಾಯುತ್ತಿರೋರೇ.

ಈಗ ನೀವು ನೇರವಾಗಿ ಕೇಳದೆ, ಅಕ್ಟೋಬರ್‌ಗೆ 19 ಅಂತ ಬರೆದು ಬಿಟ್ಟ ವಿಷಯ. ಎರಡು ವರ್ಷದಲ್ಲಿ ಅಂದುಕೊಂಡಂತೆ ನಡೆದರೆ, ಅವನು ಯುನಿವರ್ಸಿಟಿ ಸೇರಿದ ಮೊದಲ ಅಕ್ಟೋಬರ್‌ನಲ್ಲೇ 21 ತುಂಬುತ್ತದೆ. ಆ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಕಡೆಯಿಂದ ಏನೂ ಆಗದಿದ್ದರೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಅದರ ಅರ್ಜಿ 21 ತುಂಬುವ ಮೊದಲೇ ಹೋಗಿರಬೇಕು, ಅದಕ್ಕೆ ಯುನಿವರ್ಸಿಟಿ ಕೊಡುವ ಐ-20 ಅನ್ನೋ ಪತ್ರ ಬೇಕು. ಎಚ್-4ನಲ್ಲಿ ಇರುವವರೆಗೆ ಅವನಿಗೆ ಕ್ಯಾಲಿಫೋರ್ನಿಯಾ ನಿವಾಸಿಯ ಫೀಸು ಸಿಗಬಹುದು. ಎಫ್-1 ಆದವರನ್ನು ನಿವಾಸಿ ಅಂತ ಪರಿಗಣಿಸುವುದಿಲ್ಲ. ಯುಸಿಯಲ್ಲಿ ಹೊರಗಿನವರು ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ ಕಟ್ಟಬೇಕು. ಇಲ್ಲೇ ಮೂರು ವರ್ಷ ಹೈಸ್ಕೂಲ್ ಓದಿ ಮುಗಿಸಿದವರಿಗೆ ಎಬಿ 540 ಅನ್ನೋ ಫೀಸು ವಿನಾಯಿತಿ ಒಂದಿದೆ. ಅದು ನಿಮ್ಮ ಮಗನ ವೀಸಾ ಸ್ಥಿತಿಗೆ ಹೊಂದುತ್ತದಾ ಅಂತ ಅರ್ಜಿ ಹಾಕುವ ಪ್ರತಿ ಕ್ಯಾಂಪಸ್ಸಿನ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ. ಜೊತೆಗೆ ಈ ವರ್ಷವೇ ಒಮ್ಮೆ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಮಾತಾಡಿ. ಎರಡು ವರ್ಷದ ದಾರಿ ಮೂರಾದರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೇರೆ ಮಕ್ಕಳು ಒಂದು ವರ್ಷ ಜಾಸ್ತಿ ತಗೊಂಡರೆ ಪರವಾಗಿಲ್ಲ, ನಿಮ್ಮವನಿಗೆ ಅದು ದುಬಾರಿ. ರಿವರ್‌ಸೈಡ್‌ಗೆ ಹೋದರೂ 21 ತುಂಬೋದು ಅದೇ ದಿನ, ಅದನ್ನೂ ಹೇಳಿಬಿಡುತ್ತೇನೆ.

ಡಿ ಆಂಜಾ ಅಂತ ತೀರ್ಮಾನವಾದರೆ ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಹೊಸಬರಿಗೆ ಕೋರ್ಸು ಆರಿಸೋ ದಿನ ಕೊನೆಗೆ ಬರುತ್ತದೆ. ಓರಿಯೆಂಟೇಷನ್ ಮುಗಿಸಿ, ಗಣಿತ ಮತ್ತು ಇಂಗ್ಲಿಷ್ ಮಟ್ಟ ಗೊತ್ತು ಮಾಡಿಕೊಂಡು, ಕೌನ್ಸೆಲರ್ ಜೊತೆ ಎಜುಕೇಷನ್ ಪ್ಲಾನ್ ಹಾಕಿಸಿಕೊಂಡವರಿಗೆ ಸ್ವಲ್ಪ ಮುಂಚೆ ಬಿಡುತ್ತಾರೆ. ಕೊನೆ ಗಳಿಗೆಯಲ್ಲಿ ಹೋದರೆ ಮ್ಯಾಥ್ 1ಎ ತುಂಬಿರುತ್ತದೆ. ಆಗ ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ, ಮೊದಲ ದಿನ ಕ್ಲಾಸಿಗೆ ಹೋಗಿ ಹಿಂದೆ ನಿಂತು, ಮುಗಿದಮೇಲೆ ಮೇಷ್ಟ್ರನ್ನು ಆ್ಯಡ್ ಕೋಡ್, ಅಂದರೆ ಕ್ಲಾಸಿಗೆ ಸೇರಲು ಬೇಕಾದ ನಂಬರು, ಕೇಳಬೇಕು. ನಾಚಿಕೆಪಡಬಾರದು. ಬರ್ತಾರೆ ಅಂದುಕೊಂಡವರು ಎಷ್ಟೋ ಮಂದಿ ಮೊದಲ ವಾರ ಬರೋದೇ ಇಲ್ಲ, ಜಾಗ ಸಿಗುತ್ತದೆ.

ಸಾಮಾನ್ಯ ಶಿಕ್ಷಣದ ಕೋರ್ಸುಗಳಿಗೆ 2025ರ ಫಾಲ್‌ನಿಂದ ಕ್ಯಾಲ್‌ಗೆಟ್ಸಿ ಅಂತ ಹೊಸ ಪಟ್ಟಿ. ಮೊದಲು ಐಗೆಟ್ಸಿ ಅಂತಿತ್ತು. ಇಂಗ್ಲಿಷಿನ ಮೊದಲ ಕೋರ್ಸಿಗೂ ಈಗ ಎಲ್ಲ ಕಾಲೇಜುಗಳಲ್ಲಿ ಒಂದೇ ನಂಬರು, ಸಿ1000. ಹಳೇ ಪಟ್ಟಿ ಹಿಡಿದುಕೊಂಡು ಸಲಹೆ ಕೊಡೋ ಸೀನಿಯರ್‌ಗಳು ಸಿಗುತ್ತಾರೆ, ಹುಷಾರು. ಕಂಪ್ಯೂಟರ್ ಸೈನ್ಸ್‌ನವರು ಈ ಪಟ್ಟಿ ಪೂರ್ತಿ ಮಾಡಲೇಬೇಕು ಅಂತ ಒದ್ದಾಡೋದೂ ಬೇಡ. ಹಲವು ಕಡೆ ಮೇಜರ್‌ನ ಕೋರ್ಸಿಗೇ ಬೆಲೆ ಜಾಸ್ತಿ.

ಅರ್ಜಿ ಹಾಕಿದ ಮೇಲೆ ಜನವರಿಯಲ್ಲಿ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ಅಂತ ಒಂದು ಇರುತ್ತದೆ. ಫಾಲ್‌ನ ಗ್ರೇಡು ತುಂಬಿ, ಮುಂದೆ ಏನು ಓದುತ್ತೇನೆ ಅಂತ ಹೇಳಬೇಕು. ಅರ್ಜಿ ಹೋಯಿತು, ಕೆಲಸ ಮುಗಿಯಿತು ಅಂತ ಇದನ್ನು ಮರೆತು ಸೀಟು ಕಳೆದುಕೊಂಡವರು ಇದ್ದಾರೆ. ಹಾಗೆಯೇ, ಓದುತ್ತೇನೆ ಅಂತ ಬರೆದ ಕೋರ್ಸನ್ನು ಸ್ಪ್ರಿಂಗ್‌ನಲ್ಲಿ ಹೇಳದೆ ಬಿಟ್ಟರೆ ಕೊಟ್ಟ ಸೀಟನ್ನು ವಾಪಸ್ ತಗೊಳ್ಳಬಹುದು. ಎಲ್ಲೆಲ್ಲಿ ಓದಿದ್ದಾನೋ ಅಲ್ಲಿನ ದಾಖಲೆಯನ್ನೆಲ್ಲ ತೋರಿಸಬೇಕು, ಬೇಸಿಗೆಯಲ್ಲಿ ಓಲೋನಿಯಲ್ಲಿ ಓದಿದ ಒಂದೇ ಕೋರ್ಸು ಆದರೂ.

ಮಗನಿಗೆ ಒಂದು ಮಾತು ನನ್ನ ಕಡೆಯಿಂದ ಕೇಳಿ. ಅರ್ಜಿಯಲ್ಲಿ ನಾಲ್ಕು ಚಿಕ್ಕ ಬರಹ ಇರುತ್ತವೆ, ಒಂದೊಂದು 350 ಪದದೊಳಗೆ. ಟ್ರಾನ್ಸ್‌ಫರ್ ಮಕ್ಕಳಿಗೆ ಅದರಲ್ಲಿ ಒಂದು ಕಡ್ಡಾಯ. ಈ ಮೇಜರ್‌ಗೆ ನೀನು ಹೇಗೆ ತಯಾರಾಗಿದ್ದೀಯ, ಅಂತ. ಹದಿನಾಲ್ಕು ತಿಂಗಳು ಆದಮೇಲೆ ಅದರಲ್ಲಿ ಏನು ಬರೆಯುತ್ತೀಯ ಅಂತ ಇವತ್ತೇ ಒಂದು ಹಾಳೆ ಮೇಲೆ ಬರೆಯಲಿ. ಬರೆಯೋಕೆ ಏನಾದರೂ ಹೊಳೆದರೆ ಆ ಹಾಳೆಯನ್ನು ನಾಲ್ಕು ಪ್ರಿಂಟ್‌ಗಳ ಜೊತೆ ಪಿನ್ ಮಾಡಿ, ಕೌನ್ಸೆಲರ್ ಹತ್ತಿರ ಮೊದಲ ಸಲ ಹೋಗುವಾಗ ಕೊಟ್ಟು ಕಳಿಸಿ. ಏನೂ ಹೊಳೆಯದಿದ್ದರೆ ಮೇ 1ರೊಳಗೆ ನೀವು ಮೂವರೂ ಕೂತು ಇನ್ನೊಮ್ಮೆ ರಿವರ್‌ಸೈಡ್ ಬಗ್ಗೆ ಮಾತಾಡಿ.